ಒಂಟಿ ಬಳೆ

ಅವ್ವಾ,

ಹೋದ ವರ್ಷ ಪಂಚಮಿಗೆ ನೀನು ಇಡಿಸಿದ ಹಸಿರು ಬಳೆಗಳನ್ನು ಹದಿನಾಲ್ಕರ ಮೊಮ್ಮಗಳು ರಾಜೇಶ್ವರಿ ನಿನ್ನೆದುರೇ ಕಳಚಿಟ್ಟಳು. "ಹುಡುಗಿಗೆ ಸೊಕ್ಕು ಭಾಳ ಆಗೇತಿ" ಎಂದು ನೀನು ಉಣ್ಣದೇ ನಿನ್ನೂರು ಮಸೂತಿಯ ಬಸ್ಸು ಹತ್ತಿದೆ. ಈ ಪಂಚಮಿಗೆ ನೀನೇ ಇಲ್ಲ.

ಅವಳು ಸಪ್ಪಳಕ್ಕೆ ಕಿವಿ ಮುಚ್ಚುವುದು, ದಿನಾ ಅದೇ ಅಂಗಿ ಬೇಕೆನ್ನುವುದು, ಮುಖ ನೋಡಿ ಮಾತಾಡದಿರುವುದು ಎಲ್ಲವನ್ನೂ ಆಮೇಲೆ ನಾನು ವಿಜಯಪುರದ ಡಾಕ್ಟರಿಗೆ ಹೇಳಿದೆ. "ಇದಕ್ಕ ಆಟಿಸಂ ಅಂತಾರ್ರಿ, ಸೊಕ್ಕಲ್ಲ. ಸಪ್ಪಳ ಆಕಿಗೆ ಖರೇನ ನೋವು ಕೊಡ್ತೈತಿ" ಎಂದರು.

ಇವತ್ತು ನಾನು ಬಳೆಗಾರ್ತಿಯನ್ನು ಬಾಗಿಲಿಂದಲೇ ಮರಳಿ ಕಳಿಸುತ್ತಿದ್ದೆ. ಅಷ್ಟರಲ್ಲಿ ರಾಜೇಶ್ವರಿ ನಿನ್ನ ಬಳೆಗಳಲ್ಲೊಂದನ್ನು ತೊಟ್ಟು ಹೊರಬಂದಳು. ಅವನ್ನು ಹಳೆಯ ಕಾಲುಚೀಲದಲ್ಲಿ ಸುತ್ತಿ ಜೋಪಾನ ಮಾಡಿದ್ದಳಂತೆ. ಒಂಟಿ ಬಳೆ ಇಡಬಾರದೆಂದು ನೀನಿದ್ದರೆ ಗದರುತ್ತಿದ್ದೆ.

"ಒಂದ ಇದ್ರ ಸಪ್ಪಳ ಆಗೂದಿಲ್ಲವ್ವ. ಆಯಿಗೆ ಹೇಳಬೇಕಿತ್ತು" ಎಂದಳು, ನಿನ್ನನ್ನು ನೆನೆದು.

ಈಗ ನಾನು ಹೇಳಿದೆ, ಅವ್ವಾ.