ನೆಶ್ ಅಂದರೆ ಗಟ್ಟಿಗ ಅಲ್ಲ, ಸೀನಣ್ಣ

ಪ್ರೀತಿಯ ಸೀನಣ್ಣ,

ಮೊದಲು ನನ್ನ ತಪ್ಪು ಕೇಳಿ, ಆಮೇಲೆ ಬೈಯಿರಿ.

ಆ ಜುಲೈ ನೆನಪಿದೆಯಾ? ಹೊರಗೆ ಕುವೈತ್ ಸಿಟಿ ಕಾದ ಹೆಂಚು. ಆಫೀಸಿನೊಳಗೆ ನೀವು ಜಯಕ್ಕ ಹೆಣೆದ ಕಂದು ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿ ಡ್ರಾಯಿಂಗ್ ತಿದ್ದುತ್ತಿದ್ದಿರಿ. ಏಸಿ ಹದಿನೆಂಟರಿಂದ ಮೇಲೇರಲು ನಮ್ಮ ಬಾಸ್, ಇಂಗ್ಲೆಂಡಿನ ಹ್ಯಾರಿ ಸಾಹೇಬರು ಬಿಡುತ್ತಿರಲಿಲ್ಲ. ನಿಮ್ಮ ಬೆನ್ನು ತಟ್ಟಿ, "ನೆಶ್, ಸೀನಾ, ವೆರಿ ನೆಶ್" ಎಂದು ನಗುತ್ತಾ ಹೋದರು. "ಏನ್ಲಾ ಗಿರಿ, ಬೈದ್ನಾ, ಹೊಗಳಿದ್ನಾ?" ಎಂದಿರಿ. ಗೊತ್ತಿಲ್ಲ ಅನ್ನಲು ನನಗೇನು ಧಾಡಿಯಾಗಿತ್ತೋ... "ಗಟ್ಟಿಗ ಅಂತ ಅಣ್ಣ" ಎಂದು ಬುರುಡೆ ಬಿಟ್ಟೆ.

ಅದೇ ಸಂಜೆ ಹುಡುಕಿ ನೋಡಿದೆ. ಇಂಗ್ಲೆಂಡಿನ ನಡುಭಾಗದ ಹಳೇ ಆಡುಮಾತು. ಚಳಿ ತಡೆಯಲಾರದ ಮೆತ್ತನೆಯ ಮನುಷ್ಯ ಎಂದರ್ಥ. ನಿಜ ಹೇಳೋಣವೆಂದು ಮೈದಾನ್ ಹವಲ್ಲಿಯ ನಿಮ್ಮ ಮನೆಗೆ ಬಂದರೆ, ನೀವು ಜಯಕ್ಕನಿಗೆ ಹೇಳಿ, ಅವರು ಬಿಲ್ಡಿಂಗಿಗೆಲ್ಲ ಹೇಳಿ ಆಗಿತ್ತು. ಒಬ್ಬಟ್ಟು ಬೇರೆ ಬಡಿಸಿದರು. ತಿಂದು ಸುಮ್ಮನಾದೆ.

ನೀವು ನಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಸಾಹೇಬರು ಜಯಕ್ಕನನ್ನು ನೋಡಲು ಬಂದರು. "ನಮ್ಮೋರನ್ನ ನೆಶ್ ನೆಶ್ ಅಂತ ಎಷ್ಟು ಹೊಗಳ್ತಿದ್ರಂತೆ. ನನ್ ಪರವಾಗಿ ಒಂದು ಥ್ಯಾಂಕ್ಸ್ ಹೇಳು ಗಿರಿ" ಎಂದರು ಜಯಕ್ಕ. ಇನ್ನೊಂದು ಬುರುಡೆ ಬಿಟ್ಟು ಪಾರಾಗಬಹುದಿತ್ತು. ಎದುರಿಗೆ ನಿಮ್ಮ ಫೋಟೋ ಇತ್ತಲ್ಲ, ಬಾಯಿ ಬರಲಿಲ್ಲ. ನಡೆದದ್ದನ್ನು ಇಬ್ಬರಿಗೂ ಹೇಳಿಬಿಟ್ಟೆ.

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ನಿಧಾನವಾಗಿ ವಿವರಿಸಿದರು. ಅದು ಸಾವಿರ ವರ್ಷಕ್ಕೂ ಹಳೆಯ ಮಾತಂತೆ. ಮೃದು, ಎಳೆಯದು ಎಂಬುದೇ ಮೊದಲಿನ ಅರ್ಥ. ಚಳಿಗೆ ನಡುಗುವವರನ್ನು ಛೇಡಿಸುವುದು ಆಮೇಲೆ ಬಂದದ್ದು. ಅವರಜ್ಜಿ ಆಗ ತಾನೇ ಹುಟ್ಟಿದ ಕುರಿಮರಿಯನ್ನು ಒಲೆಯ ಪಕ್ಕ ಮಲಗಿಸಿ ನೆಶ್ ಅನ್ನುತ್ತಿದ್ದರಂತೆ. ಇದನ್ನು ಕನ್ನಡದಲ್ಲಿ ಹೇಳಿ ತಲೆ ತಗ್ಗಿಸಿ ಕೂತೆ. ಜಯಕ್ಕ ನಕ್ಕರು, ಸೀನಣ್ಣ, ಅಷ್ಟು ದಿನಗಳಲ್ಲಿ ಮೊದಲ ಸಲ. "ಗಟ್ಟಿಗ ಅಂದಾಗ್ಲೇ ನಂಗೆ ಅನುಮಾನ ಇತ್ತು ಕಣೋ. ಜಿರಲೆ ಕಂಡ್ರೆ ಮಂಚ ಹತ್ತೋರು. ಈ ಅರ್ಥಾನೇ ಅವ್ರಿಗೆ ಸರಿ." ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ಸ್ವೆಟರ್ ಆಫೀಸಿನ ಕುರ್ಚಿಯ ಮೇಲೇ ಇತ್ತು. ಹೋದ ವಾರ ಸಾಹೇಬರು ಜ್ವರದಿಂದ ಎದ್ದು ಬಂದವರು ಅದನ್ನೇ ಹಾಕಿಕೊಂಡು ಕೂತರು. ತೋಳು ಮೊಣಕೈ ದಾಟಲಿಲ್ಲ. "ಖಲಾಸ್, ನಾನೂ ನೆಶ್" ಎಂದು ಏಸಿಯನ್ನು ಇಪ್ಪತ್ತನಾಲ್ಕಕ್ಕೆ ಏರಿಸಿ, ರಿಮೋಟ್ ತಂದು ನಿಮ್ಮ ಡ್ರಾಯರಿನಲ್ಲಿ ಇಟ್ಟರು.

ಅಲ್ಲಿಂದ ಅದನ್ನು ಯಾರೂ ತೆಗೆಯದ ಹಾಗೆ ನೋಡಿಕೊಳ್ಳುತ್ತೇನೆ. ಇದು ಬುರುಡೆಯಲ್ಲ.

ನಿಮ್ಮ ತಮ್ಮ,
ಗಿರಿ