ಗುರುವಾರದೊಳಗೆ ಆ ಗೋಣಿಚೀಲ ಬಿಚ್ಚಿ

ಮತ್ತಿಕೆರೆ, 20 ಮೇ 1959

ವಿಶ್ವವಿದ್ಯಾನಿಲಯದ ಗ್ರಂಥಾಲಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಬೀಗದೊಳಗೆ, ಬಾಯಿ ಹೊಲಿದ ಒಂದು ಗೋಣಿಚೀಲವಿದೆ. ಅದರೊಳಗೆ ಅಂಗೈಯಗಲದ ಒಂದು ಅಚ್ಚಾದ ಚೀಟಿ ಇರಬೇಕು. ಮುಂದಿನ ವಾರ ಗುರುವಾರ, 28ರ ಬೆಳಿಗ್ಗೆಯೊಳಗೆ ಅದು ಸಿಗದಿದ್ದರೆ ನನ್ನ ಗಂಡ ಒಂದು ಛಾವಣಿಯ ಕೆಳಗೆ ಹೋಗಿ ನಿಲ್ಲುತ್ತಾರೆ. ಆ ಛಾವಣಿ ನಿಲ್ಲುತ್ತದೋ ಇಲ್ಲವೋ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಚೀಲ ಬಿಚ್ಚಲು ಸಮಿತಿಯ ಒಪ್ಪಿಗೆ ಬೇಕು ಎಂದಿರಿ. ಸಮಿತಿ ಸೇರುವುದು ಜುಲೈನಲ್ಲಿ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನಗೆ ಮದುವೆಯಾಗಿ ಆರು ತಿಂಗಳು. ಓದಿದ್ದೆಲ್ಲ ಕಾನ್ವೆಂಟಿನಲ್ಲಿ, ಇಂಗ್ಲಿಷಿನಲ್ಲಿ. ನಿಮ್ಮಷ್ಟು ತೂಕದ ಕನ್ನಡ ನನಗೆ ಬರುವುದಿಲ್ಲ. ಇವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕರು. ಕಬ್ಬಿಣ, ಸಿಮೆಂಟು ಸಿಗದ ಈ ದಿನಗಳಲ್ಲಿ ಮೂರೇ ಅಂಗುಲ ದಪ್ಪದ ಕಾಂಕ್ರೀಟನ್ನು ಅಡಕೆ ಹಾಳೆಯ ಹಾಗೆ ಬಾಗಿಸಿ, ನಡುವೆ ಒಂದೂ ಕಂಬವಿಲ್ಲದೆ ಶಾಲೆಗಳಿಗೆ ಛಾವಣಿ ಹಾಕಬಹುದು ಎನ್ನುವುದು ಇವರ ಸಂಶೋಧನೆ. ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಒಂದು ಕಾಗದವನ್ನು ಬಾಗಿಸಿ ನಿಲ್ಲಿಸಿ, ಮೇಲೆ ನಮ್ಮಪ್ಪನ ಕನ್ನಡಕದ ಡಬ್ಬಿ ಇಟ್ಟು, “ನೋಡಿ, ಬೀಳಲ್ಲ” ಅಂದರು. ಹುಡುಗನ ಸಂಬಳ ಎಷ್ಟು ಎಂದು ದೊಡ್ಡವರು ಕೇಳುವುದರೊಳಗೆ ನಾನು ಮನಸ್ಸಿನಲ್ಲೇ ಒಪ್ಪಿಯಾಗಿತ್ತು. ಈಗಲೂ ಅದನ್ನು ನೆನೆದರೆ ನಗು ಬರುತ್ತದೆ. ಆದರೆ ಹತ್ತು ದಿನದಿಂದ ಆ ನಗು ಅರ್ಧಕ್ಕೇ ನಿಂತುಹೋಗುತ್ತಿದೆ.

ಸಂಶೋಧನೆ ಮಾಡಿರೆಂದು ಇವರಿಗೆ ವರ್ಷಕ್ಕೆ ಎರಡು ಸುತ್ತೋಲೆ ಬರುತ್ತವೆ. ಅದಕ್ಕೆ ಬೇಕಾದ ವಿದೇಶದ ಪತ್ರಿಕೆ ಈ ಊರಿನಲ್ಲಿ ನಿಮ್ಮಲ್ಲಿಗೆ ಮಾತ್ರ ಬರುತ್ತದೆ. ಅದನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಕೂತು ಓದಬೇಕು, ಹನ್ನೊಂದರಿಂದ ನಾಲ್ಕರವರೆಗೆ. ಹನ್ನೊಂದರಿಂದ ನಾಲ್ಕರವರೆಗೆ ಇವರಿಗೆ ಪಾಠ. ಪಾಠ ಮಾಡುವವನು ಓದಬಾರದು, ಓದುವವನಿಗೆ ಪಾಠ ಇರಬಾರದು ಎಂದು ತಾವು ಯಾವ ಶಾಸ್ತ್ರದಲ್ಲಿ ಕಂಡಿರಿ? ಕೊನೆಗೆ ನಾನೇ ವಿಶೇಷ ಅನುಮತಿ ಪಡೆದು, ಡಿಸೆಂಬರಿನಲ್ಲಿ ಹದಿನಾರು ದಿನ ನಿಮ್ಮ ಕಿಟಕಿಯ ಪಕ್ಕ ಕೂತು, ಆ ಛಾವಣಿಗಳ ಲೆಕ್ಕದ ಕೋಷ್ಟಕಗಳನ್ನು ನಕಲು ಮಾಡಿದೆ. ಹದಿನಾಲ್ಕು ಪುಟ, ಬರೀ ಅಂಕಿ. ನನ್ನ ಗೆಳತಿಯರು ಹೊಸದಾಗಿ ಮದುವೆಯಾಗಿ ಊಟಿಗೆ ಹೋದರು. ನಾನು ದಶಾಂಶ ಬಿಂದುಗಳ ನಡುವೆ ಇದ್ದೆ. ಸುಳ್ಳೇಕೆ, ಬಹಳ ಸಂತೋಷವಾಗಿದ್ದೆ. ಸಂಜೆ ಇವರು ಬಂದು ನನ್ನ ಮಸಿ ಹತ್ತಿದ ಬೆರಳು ನೋಡಿ, “ನಮ್ಮ ಕಚೇರಿ ಗುಮಾಸ್ತರಿಗಿಂತ ವಾಸಿ ಕಣೇ ನೀನು” ಅನ್ನುತ್ತಿದ್ದರು. ನಾನು ಮೂರು ಸಲ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ.

ಆ ಅಂಕಿಗಳ ಮೇಲೆ ಕೋಗಿಲು ಊರಿನಾಚೆಯ ಒಂದು ಹಳ್ಳಿ ಶಾಲೆಗೆ ಛಾವಣಿ ಎದ್ದಿತು. ಏಪ್ರಿಲ್ ಮೂವತ್ತಕ್ಕೆ ಕಾಂಕ್ರೀಟು ಹಾಕಿದರು. ಕೆಳಗೆ ಆಸರೆಗೆ ಕಾಡಿನ ಹಾಗೆ ಸರ್ವೆ ಮರದ ಕಂಬಗಳು. ಇಪ್ಪತ್ತೆಂಟು ದಿನವಾದ ಮೇಲೆ ಅವನ್ನು ತೆಗೆಯಬೇಕು. ಕಾಂಕ್ರೀಟು ಹಾಕಿದ ದಿನ ನಾನೂ ಹೋಗಿದ್ದೆ. ಮೇಸ್ತ್ರಿ ಮುನಿಗಂಗಪ್ಪ ಇವರನ್ನು ಪಕ್ಕಕ್ಕೆ ಕರೆದ.

“ಸೋಮಿ, ಇಪ್ಪತ್ ವರ್ಸದಿಂದ ಈ ಕೆಲ್ಸ ಮಾಡ್ತಾ ಇವ್ನಿ. ಇಷ್ಟ್ ತೆಳ್ಳಗಿರೋದು ಕಂಡಿಲ್ಲ, ರೊಟ್ಟಿ ಇದ್ದಂಗೈತೆ. ಕಡೇ ಕಂಬ ತೆಗಿಯೋವಾಗ ಲೆಕ್ಕ ಬರೆದೋರು ಕೆಳಗೆ ನಿಂತ್ಕಬೇಕು. ನಮ್ಮೋರ ಪದ್ದತಿ ಅದು. ನೀವ್ ನಿಂತ್ರೆ ನಮ್ ಆಳುಗಳು ಕೈ ಆಕ್ತಾರೆ.”

“ಅದಕ್ಕೇನಪ್ಪಾ, ನಿಂತ್ಕೋತೀನಿ.”

“ನಾನೂ ನಿಂತ್ಕೋತೀನಿ” ಅಂದೆ.

“ನೀನ್ ಬ್ಯಾಡ ಕಣವ್ವ, ಒಸಾ ಸೊಸೆ. ಸೀರೆ ಮ್ಯಾಲೆ ಧೂಳು ಬೀಳ್ತದೆ.”

ಎಲ್ಲರೂ ನಕ್ಕೆವು.

ಹತ್ತು ದಿನದ ಹಿಂದೆ ಆ ಕೋಷ್ಟಕ ರಚಿಸಿದ ಪ್ರೊಫೆಸರರ ಕಾಗದ ಬಂತು. ಇವರು ಯಾವುದೋ ಚಿಕ್ಕ ಸಂದೇಹ ಕೇಳಿ ಬರೆದಿದ್ದರು. ಉತ್ತರದ ಕೊನೆಗೆ ಒಂದು ಸಾಲು: ಕೋಷ್ಟಕದ ಕೆಲವು ಅಂಕಿಗಳು ಅಚ್ಚಿನಲ್ಲಿ ತಪ್ಪಿದ್ದವು, ತಿದ್ದುಪಡಿಯ ಚೀಟಿಯನ್ನು ಮುಂದಿನ ಸಂಚಿಕೆಯೊಳಗೆ ಇಟ್ಟು ಕಳಿಸಿದ್ದೆವು, ತಾವು ನೋಡಿಯೇ ಇರುತ್ತೀರಿ. ಇವರು ಅದನ್ನು ಓದಿ ಎರಡು ಲೋಟ ನೀರು ಕುಡಿದರು. ತಂತಿ ಕಳಿಸಿದೆವು, ಆ ಮಹನೀಯರು ಪ್ರವಾಸದಲ್ಲಿದ್ದಾರಂತೆ. ಹೊಸದಾಗಿ ಕೈಯಲ್ಲಿ ಲೆಕ್ಕ ಹಾಕಲು ಮೂರು ತಿಂಗಳು ಬೇಕು.

ಮುಂದಿನ ಸಂಚಿಕೆ ನಿಮ್ಮಲ್ಲಿದೆ, ಚಿನ್ನದ ಅಕ್ಷರದ ರಟ್ಟಿನೊಳಗೆ ಭದ್ರವಾಗಿದೆ. ಚೀಟಿ ಇಲ್ಲ. ಯಶವಂತಪುರದಲ್ಲಿ ನಿಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ದಸ್ತಗೀರ್ ಸಾಹೇಬರ ಅಂಗಡಿಗೆ ಓಡಿದೆ.

“ಒಳಗೆ ಸಡಿಲವಾಗಿ ಏನಿದ್ರೂ ತೆಗೀಬೇಕು ಅಂತ ಅವರ ಆರ್ಡರ್ ಅಮ್ಮಾ” ಎಂದರು ಅವರು. “ಜಾಹೀರಾತು, ಚೀಟಿ, ಎಲ್ಲಾ. ಆದ್ರೆ ಅಕ್ಷರ ಇರೋ ಕಾಗದ ಒಲೆಗೆ ಹಾಕಕ್ಕೆ ನನ್ ಕೈ ಬರಲ್ಲ. ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಅವರಿಗೇ ವಾಪಸ್ ಕೊಟ್ಟಿದೀನಿ. ಬಿಚ್ಚಿ ನೋಡಕ್ಕೆ ಅವರಿಗೇನು ಕಷ್ಟ?”

ಕಷ್ಟ ಏನೆಂದು ತಮ್ಮ ಉತ್ತರದಿಂದ ತಿಳಿಯಿತು. “ಬಿಡಿ ಚೀಟಿಗಳನ್ನು ದಾಖಲಿಸುವ ಪದ್ಧತಿ ಇಲ್ಲವಾದ್ದರಿಂದ ಸದರಿ ಚೀಟಿಯು ಗ್ರಂಥಾಲಯದಲ್ಲಿ ಇರುವುದಿಲ್ಲ. ಸದರಿ ಚೀಲದ ವಿಲೇವಾರಿಯು ಸಮಿತಿಯ ತೀರ್ಮಾನಕ್ಕೆ ಒಳಪಟ್ಟಿರುತ್ತದೆ.” ಎಷ್ಟು ಅಚ್ಚುಕಟ್ಟು. ಚೀಟಿ ಇಲ್ಲ, ಆದರೆ ಅದಿರುವ ಚೀಲಕ್ಕೆ ಕಾವಲಿದೆ. ತಪ್ಪನ್ನು ರಟ್ಟು ಹಾಕಿ ಕಪಾಟಿನಲ್ಲಿಟ್ಟು, ತಿದ್ದುಪಡಿಯನ್ನು ಗೋಣಿಗೆ ತುಂಬುವ ಗ್ರಂಥಾಲಯ ಬೇರೆಲ್ಲಾದರೂ ಇದೆಯೇ? ಆ ಕಪಾಟಿನಲ್ಲಿ ಇನ್ನೆಷ್ಟು ಸಂಪುಟಗಳಿವೆ, ಇನ್ನೆಷ್ಟು ಸೇತುವೆ, ಇನ್ನೆಷ್ಟು ಕೆರೆ ಏರಿ?

ಕಂಬಗಳನ್ನು ಉಳಿಸಿ ಎಂದು ಇವರು ಕಟ್ಟಡದ ಇಲಾಖೆಗೆ ಬರೆದರು. ಯಾವ ಅಂಕಿ ತಪ್ಪು, ಎಷ್ಟು ತಪ್ಪು ತಿಳಿಸಿ, ಇಲ್ಲದಿದ್ದರೆ ಜೂನ್ ಒಂದಕ್ಕೆ ಶಾಲೆ ತೆರೆಯಲೇಬೇಕು ಎಂದರು ಅವರು. ಅದನ್ನು ತಿಳಿಸಬೇಕಾದ ಚೀಟಿ ನಿಮ್ಮ ಚೀಲದಲ್ಲಿದೆ.

“ನೀವು ನಿಲ್ಲಬೇಡಿ” ಎಂದು ಇವರ ಕೈ ಹಿಡಿದು ಕೇಳಿದೆ.

“ನಾನು ನಿಲ್ಲದಿದ್ರೆ ಯಾವನೋ ಆಳು ನಿಂತು ತೆಗೀತಾನೆ. ಆಮೇಲೆ ಮಕ್ಕಳು ಕೂರ್ತಾರೆ. ಲೆಕ್ಕ ನಂದು ಕಣೇ.”

“ನಕಲು ನಂದು” ಅಂದೆ.

ಮಾನ್ಯರೇ, ನನಗೆ ಭಯವಾಗುತ್ತಿದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೂ ತಲೆ ಎತ್ತಿ ಛಾವಣಿ ನೋಡುತ್ತೇನೆ. 27ರ ಬುಧವಾರ ಹನ್ನೊಂದಕ್ಕೆ ನಿಮ್ಮ ಬಾಗಿಲಲ್ಲಿರುತ್ತೇನೆ, ಕತ್ತರಿ, ದಬ್ಬಳ, ಹುರಿ ತಂದಿರುತ್ತೇನೆ. ಆ ಕೋಣೆಯ ಬೀಗ ತೆಗೆಸಿ. ನಿಮ್ಮ ಎದುರಿಗೇ ಚೀಲ ಬಿಚ್ಚಿ, ಚೀಟಿ ಹುಡುಕಿ, ನಕಲು ಮಾಡಿಕೊಂಡು, ಮತ್ತೆ ಹೊಲಿದು ಕೊಡುತ್ತೇನೆ. ಕಾನ್ವೆಂಟಿನಲ್ಲಿ ಹೊಲಿಗೆಗೆ ನನಗೆ ಬಹುಮಾನ ಬಂದಿದೆ. ಜುಲೈನಲ್ಲಿ ಸಮಿತಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಅದೂ ಆಗದಿದ್ದರೆ ಗುರುವಾರ ಬೆಳಿಗ್ಗೆ ಎಂಟಕ್ಕೆ ನಾನು ಇವರ ಪಕ್ಕದಲ್ಲಿ ನಿಲ್ಲುತ್ತೇನೆ. ತಾವೂ ದಯಮಾಡಿಸಿ. ನಡುವೆ ಕಂಬ ಒಂದೂ ಇರುವುದಿಲ್ಲ, ಮೂವರಿಗೂ ಧಾರಾಳವಾಗಿ ಜಾಗವಿದೆ.

ಇಂತಿ,
ತಪ್ಪನ್ನು ಒಂದೂ ತಪ್ಪಿಲ್ಲದೆ ನಕಲು ಮಾಡಿದವಳು
(ಹೆಸರು ಬೇಕಾದರೆ ತಮ್ಮ ಓದುಗರ ರಿಜಿಸ್ಟರಿನಲ್ಲಿ ಹದಿನಾರು ಕಡೆ ನನ್ನ ರುಜು ಇದೆ. ಅದನ್ನಂತೂ ತಾವು ದಾಖಲಿಸಿದ್ದೀರಿ.)