ಬಾವುಟ ಇಳಿಸುವ ಹೊತ್ತು

ಆಗಸ್ಟ್ 3, ಸಂಜೆ

ಇವತ್ತೂ ಫೋಟೋ ಹಾಳಾಯಿತು. ಟ್ರೈಪಾಡ್ ಮರಳಲ್ಲಿ ಊರಿ ಅರ್ಧ ಗಂಟೆ ಕಾದೆ. ಗಂಟೆ ಒಂಬತ್ತು ದಾಟಿತ್ತು, ಇನ್ನೇನು ಸೂರ್ಯ ನೀರು ಮುಟ್ಟಬೇಕು, ಆಸ್ಗರ್ ಎದ್ದು ಮನೆ ಕಡೆ ಹೊರಟ.

"ಒಂದು ನಿಮಿಷ ನಿಲ್ಲೋ!"

"ಬಾವುಟ ಇಳಿಸ್ಬೇಕು ಲಿಸ್ಬೆತ್. ಸೂರ್ಯ ನನಗೋಸ್ಕರ ಕಾಯ್ತಾನಾ?"

ಸೂರ್ಯ ಮುಳುಗಿದ ಮೇಲೆ ಬಾವುಟ ಹಾರಬಾರದು, ಸರಿ. ಆದರೆ ಈ ನಿಯಮಕ್ಕೆ ಇವನಷ್ಟು ಅಂಜುವ ಗಂಡ ಇಡೀ ಡೆನ್ಮಾರ್ಕಿನಲ್ಲಿ ಇನ್ನೊಬ್ಬನಿಲ್ಲ. ಫೋಟೋದಲ್ಲಿ ಬರೀ ಸಮುದ್ರ.

ಆಗಸ್ಟ್ 4

ಮಳೆ. ಈ ಬೇಸಿಗೆ ಮನೆಯ ಅತಿಥಿ ಪುಸ್ತಕ ತಿರುವಿದೆ. ತಿರುವಬಾರದಿತ್ತು. ವರ್ಷಕ್ಕೊಂದು ಪುಟ, ಪುಟಕ್ಕೊಂದು ಸೂರ್ಯಾಸ್ತ. ಹನ್ನೊಂದು ಫೋಟೋ ಬೋಡಿಲ್ ತೆಗೆದದ್ದು — ಆಸ್ಗರನ ಮೊದಲ ಹೆಂಡತಿ. ಹನ್ನೊಂದರಲ್ಲೂ ಸೂರ್ಯ ನೀರು ಮುಟ್ಟಿದ್ದಾನೆ. ಹನ್ನೊಂದರಲ್ಲೂ ಆಸ್ಗರ್ ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ!

ಹಾಗಾದರೆ ಆಗ ಬಾವುಟ? ಅವಳಿಗಾದರೆ ಕಾಯುತ್ತಿತ್ತು. ನನಗಾದರೆ ಕಾಯುವುದಿಲ್ಲ.

ಹೊಟ್ಟೆ ಉರಿಯುತ್ತಿದೆ, ಸತ್ತು ಆರು ವರ್ಷವಾದವಳ ಮೇಲೆ. ಬದುಕಿದ್ದರೆ ಜಗಳವಾದರೂ ಆಡಬಹುದಿತ್ತು... ಆಸ್ಗರನನ್ನು ಕೇಳಲಾರೆ. ಕೇಳಿದರೆ ನಾನೇ ಸಣ್ಣವಳಾಗುತ್ತೇನೆ.

ಆಗಸ್ಟ್ 6, ರಾತ್ರಿ 9:50

ಮತ್ತೆ ಹೋದ. ಬೆನ್ನು ಮಾತ್ರ ಸಿಕ್ಕಿತು.

ಅವನು ಹೊರಗೆ ಬಾವುಟ ಮಡಿಸುತ್ತಿದ್ದಾಗ ಒಳಗೆ ಬಂದು ಆ ಪುಸ್ತಕದ ಒಂದು ಪುಟ ಹರಿದೆ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು — ಬೋಡಿಲ್‌ಳ ಮಗಳು ಸಿಗ್ನೆ, ಇಷ್ಟೇ ಇಷ್ಟಿದ್ದಳು, ಅಪ್ಪನ ಹೆಗಲ ಮೇಲೆ. ಒಲೆಗೆ ಹಾಕಿದೆ.  ಆಮೇಲೆ ಬೂದಿ ಕೆದಕಿ ನೋಡಿದೆ.

ಆಗಸ್ಟ್ 9, ಮಧ್ಯಾಹ್ನ

ಪಕ್ಕದ ಮನೆಯ ಮುದುಕ ಹೋಲ್ಗರ್ ಹೊಗೆಯಲ್ಲಿ ಬೇಯಿಸಿದ ಮೀನು ತಂದ. ಬಾವುಟದ ಕಂಬ ನೋಡಿ ತಲೆಯಾಡಿಸಿದ.

"ಬಣ್ಣ ಎದ್ದಿದೆ. ನಿನಗೋಸ್ಕರ ನೆಟ್ಟ ಕಂಬ ಮಾರಾಯ್ತಿ, ನೀನೇ ಬಣ್ಣ ಹೊಡಿ."

"ನನಗೋಸ್ಕರಾನಾ?"

"ಮತ್ತೆ? ಬೋಡಿಲ್ ಇದ್ದಾಗ ಇಲ್ಲಿ ಕಂಬ ಎಲ್ಲಿತ್ತು? ನೀನು ಮೊದಲ್ನೇ ಸಲ ಬರೋ ದಿನ ನಿನ್ನ ಸ್ವಾಗತಕ್ಕೆ ಬಾವುಟ ಹಾರ್ಲೇಬೇಕು ಅಂತ ಹಟ ಹಿಡಿದ ನಿನ್ನ ಗಂಡ. ಇಬ್ಬರೂ ಗುಂಡಿ ತೋಡಿದ್ವಿ. ನನ್ನ ಸೊಂಟ ಇನ್ನೂ ನೋಯ್ತದೆ."

ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ನೆನಪಿಲ್ಲ. ಮೀನಿನ ಪೊಟ್ಟಣ ಹಿಡಿದುಕೊಂಡು ಕಂಬದ ಕೆಳಗೆ ಬಹಳ ಹೊತ್ತು ನಿಂತಿದ್ದೆ.

ಅದೇ ದಿನ, ರಾತ್ರಿ 8:50

ಸಿಗ್ನೆ ಬಂದಿದ್ದಾಳೆ, ಜೊತೆಗೆ ಹೊಸ ಗೆಳೆಯ. ಹೊರಗೆ ಆಸ್ಗರ್ ಕೂಗುತ್ತಿದ್ದಾನೆ — "ಲಿಸ್ಬೆತ್, ಕ್ಯಾಮೆರಾ ಇಲ್ಲಿಗೇ ತಾ! ಕಂಬದ ಹತ್ರಾನೇ ತೆಗಿ, ಆಗ ನಾನೂ ಇರ್ತೀನಿ!"

ಇಷ್ಟು ಸುಲಭವಿತ್ತು. ನನಗೇ ಹೊಳೆಯಲಿಲ್ಲ.

ಏಳಲಾಗುತ್ತಿಲ್ಲ. ಸಿಗ್ನೆ ಅತಿಥಿ ಪುಸ್ತಕ ತೆಗೆದಿದ್ದಾಳೆ. "ಅಪ್ಪನ ಹೆಗಲ ಮೇಲೆ ಕೂತಿರೋ ಫೋಟೋ ಒಂದಿದೆ, ತಾಳು, ತೋರಿಸ್ತೀನಿ" ಎನ್ನುತ್ತಿದ್ದಾಳೆ ಆ ಹುಡುಗನಿಗೆ. ನಾನು ಮೇಜಿನ ಈಚೆ ತಲೆ ತಗ್ಗಿಸಿ ಗೀಚುತ್ತಿದ್ದೇನೆ. ಒಂದೊಂದೇ ಪುಟ ತಿರುವುತ್ತಿದ್ದಾಳೆ. ನಾನೇ ಹೇಳಿಬಿಡಬೇಕು, ಅವಳು ಅಲ್ಲಿಗೆ ಬರುವ ಮುಂಚೆ... ಹರಿದ ಅಂಚಿನ ಮೇಲೆ ಅವಳ ಕೈ ನಿಂತಿತು. ಹಿಂದಿನ ಪುಟ ನೋಡಿದಳು. ಈಗ ತಲೆ ಎತ್ತಿ ನನ್ನನ್ನೇ—